ಹನ್ನೊಂದರಿಂದ ಮೂರರವರೆಗೆ

ಬಿಸಿಲಲ್ಲಿ ಮೋಟಾರ್ ಸೈಕಲ್ ಓಡಿಸುವ ವಿಚಾರದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ಜಂಬ ನನಗಿತ್ತು. ಅದನ್ನು ನಾನು ಲಿಬಿಯಾದ ಮರಳುಗಾಡಿನಿಂದ ಹೊತ್ತು ತಂದಿದ್ದೆ. ಯುದ್ಧದ ಎರಡು ಬೇಸಿಗೆ ಅಲ್ಲಿ ತುಕಡಿಯಿಂದ ತುಕಡಿಗೆ ಕಾಗದ ಒಯ್ಯುವ ಸವಾರನಾಗಿದ್ದೆ. ಮರುದಿನದ ಸವಾರಿಯನ್ನು ಹಿಂದಿನ ಸಂಜೆಯೇ ಚೀಟಿಯಲ್ಲಿ ಬರೆದು ಸುಬೇದಾರನಿಗೆ ಒಪ್ಪಿಸಬೇಕು. ಬೆಳಕು ಹರಿಯುವ ಮುಂಚೆ ಹೊರಡುವುದು, ಎಷ್ಟು ಮೈಲಿಗೆ ಎಷ್ಟು ಗುಟುಕು ನೀರು, ಎಲ್ಲಿ ನಿಂತು ಇಂಜಿನ್ ಮುಟ್ಟಿ ನೋಡುವುದು, ಎಲ್ಲ ಅದರಲ್ಲಿರಬೇಕು. ಎಲ್ಲಕ್ಕಿಂತ ಮೇಲಿನ ಕಟ್ಟಳೆ ಒಂದಿತ್ತು: ಹಗಲು ಹನ್ನೊಂದರಿಂದ ಮೂರರವರೆಗೆ ಗಾಡಿ ಓಡಿಸಕೂಡದು, ಸಿಕ್ಕ ನೆರಳಲ್ಲಿ ಬಿದ್ದುಕೊಳ್ಳಬೇಕು. ಸೇಲಂ ಕಡೆಯ ನನ್ನ ಜೊತೆಗಾರನೊಬ್ಬ, ಇನ್ನು ಹದಿನೈದು ಮೈಲಿ ತಾನೇ ಎಂದು ನಡುಮಧ್ಯಾಹ್ನ ಹೊರಟುಹೋದ. ಮೂರನೆಯ ದಿನ ಅವನನ್ನು ಹೂಳಿದವರಲ್ಲಿ ನಾನೂ ಒಬ್ಬ. ಅಲ್ಲಿಂದ ಆ ಕಟ್ಟಳೆ ನನ್ನ ಮೈಗೇ ಅಂಟಿಕೊಂಡಿತು.

ಯುದ್ಧ ಮುಗಿಸಿ ಬಂದವನು ಕೊಡಗಿನ ಹುದಿಕೇರಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೆ ಸೇರಿದೆ. ನಾವು ಶನಿವಾರಸಂತೆ ಕಡೆಯವರು. ಅಲ್ಲಿಂದ ಹೆಂಡತಿ ಮಗಳನ್ನು ಕರೆಸಿಕೊಂಡೆ. ನಾನು ಹಡಗು ಹತ್ತಿದಾಗ ಮಗಳಿನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ಮೂರು ವರ್ಷದವಳಾಗಿ ಎದುರಿಗೆ ನಿಂತಾಗ ನನ್ನನ್ನು ಮಾವ ಎಂದು ಕರೆದಳು. ಅಪ್ಪ ಎಂದು ಕರೆಸಿಕೊಳ್ಳಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೆಲ್ಲ ಕೊಟ್ಟೆ, ಹೆಗಲ ಮೇಲೆ ಹೊತ್ತು ಕುಣಿದೆ, ಕಾಫಿ ಒಣಗಿಸುವ ಕಣದಲ್ಲಿ ಎಸ್ಟೇಟಿನ ದೊರೆಯ ಮೋಟಾರ್ ಸೈಕಲ್ ಮೇಲೆ ಕೂರಿಸಿ ಸುತ್ತು ಹಾಕಿಸಿದೆ. ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ತಾನಾಗಿ ಅಪ್ಪ ಎಂದಳು.

ಮಾರನೆಯ ಬೇಸಿಗೆ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಿತು. ಕಾಫಿ ಗಿಡದ ಎಲೆ ಜೋತುಬಿದ್ದಿತ್ತು, ಕೂಲಿಯವರ ಲೈನ್ ಮನೆಗಳ ಬಾವಿಯಲ್ಲಿ ಕೊಡ ಮುಳುಗುತ್ತಿರಲಿಲ್ಲ. ಆಗ ಮಗಳಿಗೆ ಜ್ವರ ಬಂತು. ಎರಡನೆಯ ದಿನ ಅನ್ನ ನುಂಗಲಾರದೆ ಅತ್ತಳು. ಸಂಜೆ ಪಕ್ಕದ ಊರಿನಿಂದ ಡಾಕ್ಟರು ಬಂದರು. ಮಲಯಾಳಿ, ಮಾತು ಕಡಿಮೆ. ಬಾಯಿ ತೆರೆಸಿ ನೋಡಿ, ನನ್ನನ್ನು ಹೊರಗೆ ಕರೆದು ಗಂಟಲಮಾರಿ ಎಂದರು. ಗಂಟಲೊಳಗೆ ಬಿಳಿ ಪೊರೆ ಕಟ್ಟುತ್ತಿದೆ, ಅದು ಉಸಿರಿನ ದಾರಿ ಮುಚ್ಚುವ ಮೊದಲು ಸೀರಮ್ ಚುಚ್ಚಬೇಕು, ಆ ಸೀರಮ್ ಇಡೀ ಕೊಡಗಿನಲ್ಲಿ ಸದ್ಯಕ್ಕಿಲ್ಲ, ಮೈಸೂರಿನಲ್ಲಿ ಸಿಗುತ್ತದೆ ಎಂದರು. ನಾಳೆ ಮಧ್ಯಾಹ್ನದೊಳಗೆ ತಂದರೆ ಭಯವಿಲ್ಲ, ಆದರೆ ಬಿಸಿ ತಾಗಿದರೆ ಅದು ಕೆಟ್ಟು ಬರೀ ನೀರಾಗುತ್ತದೆ ಎಂದೂ ಎಚ್ಚರಿಸಿದರು. ಚೀಟಿ ಬರೆದುಕೊಟ್ಟು, ಮಧ್ಯಾಹ್ನ ಬಂದು ಕಾಯುತ್ತೇನೆಂದು ಹೋದರು.

ದೊರೆಯ ಕಾರು ಊಟಿಗೆ ಹೋಗಿತ್ತು. ಮೋಟಾರ್ ಸೈಕಲ್ಲನ್ನು ದೊರೆ ಒಂದು ಮಾತೂ ಆಡದೆ ಕೊಟ್ಟರು. ಹೆಂಡತಿ ಮಗುವಿನ ಪಕ್ಕ ಕೂತಿದ್ದಳು. ನಾನು ಜಗಲಿಯಲ್ಲಿ ಕೂತು ಸವಾರಿಯ ಲೆಕ್ಕ ಹಾಕಿದೆ. ಔಷಧಿ ತಂಪಾಗಿಡಲು ಸೈನ್ಯದ ಕ್ಯಾನ್ವಾಸ್ ನೀರಿನ ಚೀಲವಿತ್ತು. ಅದು ಸದಾ ಒದ್ದೆ ಜಿನುಗುತ್ತದೆ, ಗಾಳಿ ಬಡಿದಷ್ಟೂ ಒಳಗೆ ತಣ್ಣಗಾಗುತ್ತದೆ. ಸೀಸೆಯನ್ನು ತಗಡಿನ ಡಬ್ಬಿಯಲ್ಲಿಟ್ಟು ಚೀಲದೊಳಗೆ ಇಳಿಬಿಟ್ಟರಾಯಿತು. ಹೇಳಲು ನಾಚಿಕೆಯಾಗುತ್ತದೆ, ಆ ಲೆಕ್ಕ ಹಾಕುವಾಗ ನನಗೆ ಖುಷಿಯಾಗಿತ್ತು. ಇಷ್ಟು ದಿನ ಕಾಫಿ ಮೂಟೆ ಎಣಿಸುತ್ತಿದ್ದವನಿಗೆ ಮತ್ತೆ ಗಂಡಸಿನ ಕೆಲಸ ಸಿಕ್ಕಿತೆಂದುಕೊಂಡೆ, ಥೂ.

ಮೂಡಲು ಕೆಂಪಾಗುವಾಗ ಹೊರಟು ಎಂಟೂವರೆಗೆ ಮೈಸೂರು ತಲುಪಿದೆ. ಆಸ್ಪತ್ರೆಯ ಔಷಧಿ ಕೋಣೆ ತೆರೆಯುವುದು ಹತ್ತಕ್ಕೆ. ಅಲ್ಲಿಯವರೆಗೆ ಬೋನಿಗೆ ಬಿದ್ದ ಹುಲಿಯ ಹಾಗೆ ಅಡ್ಡಾಡಿದೆ. ಸೀಸೆ ಕೈಗೆ ಬಂದದ್ದೇ ಚೀಲದಲ್ಲಿಟ್ಟು ಹ್ಯಾಂಡಲಿಗೆ ಬಿಗಿದು ಓಡಿಸಿದೆ. ಹುಣಸೂರು ದಾಟುವಾಗ ಹನ್ನೊಂದೂವರೆ. ಬಯಲು ಕಾದ ಹೆಂಚಾಗಿತ್ತು, ರಸ್ತೆಯ ಮೇಲೆ ಬಿಸಿಲ್ಗುದುರೆ ಕುಣಿಯುತ್ತಿತ್ತು. ಕಾಲ ನಡುವೆ ಇಂಜಿನ್ ಸುಡುತ್ತಿತ್ತು. ಚೀಲ ಮುಟ್ಟಿದೆ, ಹೊರಗೆ ಉಗುರುಬೆಚ್ಚಗಾಗಿತ್ತು. ಮೈಲಿ ನಾಲ್ಕು ಕಳೆಯುವಷ್ಟರಲ್ಲಿ ಒಂದು ಆಲದ ಮರ, ಪಕ್ಕದಲ್ಲಿ ಬಾವಿ, ಮಜ್ಜಿಗೆ ಮಾರುವ ಮುದುಕಿ. ಯೋಚಿಸಲೇ ಇಲ್ಲ, ಗಾಡಿ ನಿಲ್ಲಿಸಿಬಿಟ್ಟೆ.

ಚೀಲಕ್ಕೆ ಬಾವಿಯ ತಣ್ಣೀರು ತುಂಬಿ ಕೊಂಬೆಗೆ ಕಟ್ಟಿದೆ. ಮಗು ಜ್ಞಾಪಕಕ್ಕೆ ಬಂದಾಗಲೆಲ್ಲ ಎದ್ದೆ. ಎದ್ದಾಗಲೆಲ್ಲ ಸೇಲಮಿನವನ ಒಣಗಿದ ತುಟಿ ಕಂಡು ಮತ್ತೆ ಕೂತೆ. ಈಗ ಹೊರಟರೆ ಬಿಸಿ ನೀರು ಚುಚ್ಚಿಸಬೇಕಾಗುತ್ತದೆ, ಇನ್ನೆರಡು ತಾಸು ಕಾದರೆ ಮಗಳು ಬದುಕುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಮುದುಕಿ ನೋಡಿ ನೋಡಿ ಎಲ್ಲಿಗೆ, ಏನು ಎಂದು ವಿಚಾರಿಸಿದಳು. ಹೇಳಿದೆ.

"ಮಗೀಗೆ ಔಸ್ದಿ ಅಂತೀಯ, ಇಲ್ ಕುಂತಿದೀಯಲ್ಲಪ್ಪ. ಅತ್ತಾಗೋದ್ರೆ ಕಾಡು ಸಿಕ್ತದೆ, ತಂಪಾಗಿರ್ತದೆ. ಹೊಂಡು ಮತ್ತೆ."

ನನಗೆ ಸಿಟ್ಟು ನೆತ್ತಿಗೇರಿತು. ಬಿಸಿಲು ಅಂದರೆ ಏನು ಅಂತ ನಿನಗೇನು ಗೊತ್ತಮ್ಮ, ಸುಮ್ಮನೆ ಮಜ್ಜಿಗೆ ಮಾರು ಎಂದು ಗದರಿದೆ. ಅವಳು ಮತ್ತೆ ನನ್ನ ಕಡೆ ತಿರುಗಲಿಲ್ಲ.

ಗಡಿಯಾರದಲ್ಲಿ ಮೂರಾಗುತ್ತಲೇ ಹೊರಟೆ. ಕಾಲು ಗಂಟೆಯಾಗಿತ್ತೋ ಇಲ್ಲವೋ, ಆನೆಚೌಕೂರಿನ ಕಾಡಿನೊಳಗೆ ನುಗ್ಗಿದೆ. ತಣ್ಣನೆ ಗಾಳಿ ಎದೆಗೆ ಹೊಡೆಯಿತು. ಮೇಲೆ ಬಿದಿರು, ತೇಗ, ಮತ್ತಿ ಕೊಂಬೆಗೆ ಕೊಂಬೆ ಹೆಣೆದು ರಸ್ತೆಯ ಮೇಲೆ ಬಿಸಿಲಿನ ಚೂರೂ ಬೀಳದಂತೆ ಮಾಡಿದ್ದವು. ಬೆಳಿಗ್ಗೆ ಇದೇ ದಾರಿಯಲ್ಲಿ ಚಳಿಗೆ ಕೋಟಿನ ಗುಂಡಿ ಹಾಕಿಕೊಂಡು ಹೋಗಿದ್ದೆ. ಹುಟ್ಟಿದಾಗಿನಿಂದ ನಾನು ನೆರಳಲ್ಲೇ ಬೆಳೆದವನು. ಆ ಆಲದ ಮರದಿಂದ ಇಲ್ಲಿಗೆ ಏಳೆಂಟು ಮೈಲಿ, ಇಲ್ಲಿಂದ ನನ್ನ ಮನೆ ಬಾಗಿಲವರೆಗೂ ಕಾಡು ಬಿಟ್ಟರೆ ಕಾಫಿ ತೋಟ. ಅಯ್ಯೋ ನನ್ನ ಕರ್ಮವೇ, ನನ್ನ ದೇಶವನ್ನೇ ಮರೆತು ಮೂರು ಗಂಟೆ ಮರಳುಗಾಡಿನಲ್ಲಿ ಕೂತಿದ್ದೆನಲ್ಲ. ಗಾಡಿ ಓಡಿಸುತ್ತಲೇ ಬಾಯಿಬಿಟ್ಟು ಅತ್ತೆ. ದೇವರೇ, ಇನ್ನೊಂದು ಗಂಟೆ ಅವಳ ಗಂಟಲು ಹಿಡಿಯಬೇಡ ಎಂದು ಕೂಗಿಕೊಂಡೆ.

ಐದಕ್ಕೆ ಹತ್ತು ನಿಮಿಷವಿದ್ದಾಗ ಮನೆ ಮುಟ್ಟಿದೆ. ಮಗುವಿನ ಉಸಿರು ಅಂಗಳಕ್ಕೇ ಕೇಳುತ್ತಿತ್ತು. ಗರಗಸ ಎಳೆದ ಸದ್ದು. ಡಾಕ್ಟರು ಹನ್ನೆರಡು ಗಂಟೆಯಿಂದ ಅಲ್ಲೇ ಇದ್ದರು. ಸೀಸೆ ಕಿತ್ತುಕೊಂಡು ಬೆಳಕಿಗೆ ಹಿಡಿದರು, ಚುಚ್ಚಿದರು. ಆಮೇಲೆ ಜಗಲಿಗೆ ಬಂದು ಕೈ ಒರೆಸಿಕೊಳ್ಳುತ್ತ, "ಔಷಧಿ ಕೆಟ್ಟಿಲ್ಲ, ತಣ್ಣಗೇ ಉಂಟು. ಆದರೆ ಅದು ಕೆಲಸ ಮಾಡಲಿಕ್ಕೆ ಸ್ವಲ್ಪ ಹೊತ್ತು ಬೇಕು ರೈಟರೇ. ಒಂದೂವರೆಗೆ ಕೂಡ ಇವಳು ನನ್ನ ಹತ್ತಿರ ಮಾತಾಡ್ತಿದ್ದಳು" ಎಂದರು.

ಆ ಹೊತ್ತು ಸಿಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನನ್ನ ತೊಡೆಯ ಮೇಲೇ ಹೋದಳು. ಹೆಂಡತಿ ಅಳಲಿಲ್ಲ. ಮಗುವಿನ ಮುಖ ಒರೆಸಿ, ಯಾಕೆ ಇಷ್ಟು ತಡವಾಯಿತು ಎಂದಷ್ಟೇ ಕೇಳಿದಳು. ನನ್ನ ನಾಲಿಗೆ ಪಂಚರ್ ಎಂದಿತು. ಹುಣಸೂರಿನ ಆಚೆ ಪಂಚರ್, ತೇಪೆ ಹಾಕುವವರು ಬೇಗ ಸಿಗಲಿಲ್ಲ ಎಂದೆ.

ಮೂರನೆಯ ದಿನ ದೊರೆಯ ಡ್ರೈವರ್ ಗಾಡಿ ಒಯ್ಯಲು ಬಂದ. ಪಂಚರಿನ ಸುದ್ದಿ ಲೈನಿಗೆಲ್ಲ ಮುಟ್ಟಿತ್ತು. ಅವನು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಟಯರ್ ಬಿಚ್ಚಿ, ಟ್ಯೂಬುಗಳನ್ನು ನೀರಲ್ಲಿ ಮುಳುಗಿಸಿ ತಿರುಗಿಸಿ ನೋಡಿದ. "ಯಾವ ಪಂಚರ್ ರೈಟರೇ? ಎರಡರಲ್ಲೂ ಒಂದು ತೇಪೆ ಇಲ್ಲ, ಹೊಸದಿದ್ದ ಹಂಗೇ ಇದೆ" ಎಂದ. ಹೊಸ್ತಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಅವಳು ಟ್ಯೂಬುಗಳನ್ನು ನೋಡಿದಳು, ನನ್ನನ್ನು ನೋಡಿದಳು.

ಅದೇ ಹೊತ್ತಿಗೆ ಶನಿವಾರಸಂತೆಯಿಂದ ಅವಳ ಅಣ್ಣ ಬಂದಿಳಿದ. ಕಾಲಿಗೆ ನೀರು ಕೊಡುವ ಮೊದಲೇ, ಬೆಳಗಾಗುವಾಗ ಹೋದವನು ಸಂಜೆವರೆಗೆ ಏನು ಮಾಡುತ್ತಿದ್ದ ಎಂದು ನನ್ನ ಮೇಲೆ ಏರಿ ಬಂದ. ಅವಳು ಚೊಂಬು ಹಿಡಿದು ಅಡ್ಡ ಬಂದಳು.

"ದಾರೀಲಿ ಪಂಚರ್ ಆಯ್ತಂತೆ ಅಣ್ಣ. ಅದಕ್ಕೆ ಇವ್ರೇನ್ ಮಾಡಕ್ಕಾಗುತ್ತೆ."

ಬದುಕಿರುವವರೆಗೂ ಯಾರು ಕೇಳಿದರೂ ಅವಳು ಇಷ್ಟನ್ನೇ ಹೇಳಿದಳು. ನಾನು ಎಲ್ಲಿದ್ದೆ ಎಂದು ನನ್ನನ್ನು ಒಮ್ಮೆಯೂ ಕೇಳಲಿಲ್ಲ.