ಸೀರೆ ಚೂರಿನ ಪರೀಕ್ಷೆ

ಜೂಜುವಾಡಿ, ಬೆಳಿಗ್ಗೆ ಹತ್ತು ಗಂಟೆ. ಎಲೆಕ್ಟ್ರಿಕ್ ಗಿಟಾರ್ ಕಾರ್ಖಾನೆಯ ಕೊನೆಯ ತಪಾಸಣೆ ಮೇಜಿನ ಬಳಿ ಬೇರಿಕೆ ಊರಿನ ಮಾದಮ್ಮ ಹಳೆಯ ನೂಲಿನ ಸೀರೆಯ ಚೂರೊಂದನ್ನು ಗಿಟಾರಿನ ಕತ್ತಿನುದ್ದಕ್ಕೂ ಸವರುತ್ತಾರೆ. ಲೋಹದ ಅಡ್ಡಪಟ್ಟಿಗೆ ಒಂದೆಳೆ ಸಿಕ್ಕಿಕೊಂಡರೂ ಗಿಟಾರ್ ಮತ್ತೆ ಉಜ್ಜಿ ನುಣುಪು ಮಾಡಲು ವಾಪಸು. ಕಾರ್ಖಾನೆ ನೋಡಲು ಬಂದಿದ್ದ ನನಗೆ ಈ ಕಟ್ಟುನಿಟ್ಟು ಹಿಡಿಸಿತು.

ತನ್ನ ತಂಡಕ್ಕೆ ಗಿಟಾರ್ ಆರಿಸಲು, ಹೆಗಲಲ್ಲಿ ತನ್ನ ಫಾರಿನ್ ಗಿಟಾರ್ ಹೊತ್ತು ಬಂದಿದ್ದ ಬೆಂಗಳೂರಿನ ವಾದಕನೊಬ್ಬ, "ಇವು ಕಲಿಯೋರಿಗೆ ಸರಿ, ಸ್ಟೇಜಿಗಲ್ಲ" ಎಂದ.

"ನಿಮ್ ಫಾರಿನ್ದೂ ಒಸಿ ಕೊಡಿ ಸಾ, ನೋಡೇಬುಡಾನ" ಎಂದರು ಮಾದಮ್ಮ.

ಸವರಿದರು. ಮೂರು ಕಡೆ ಎಳೆ ಕಿತ್ತುಬಂತು.

ಆತ ಆಕೆ ಪಾಸು ಮಾಡಿದ ಗಿಟಾರನ್ನೆತ್ತಿಕೊಂಡು ಅರ್ಧ ಗಂಟೆ ನುಡಿಸಿದ. ಕೆಲಸಗಾರರೆಲ್ಲ ಚಪ್ಪಾಳೆ ತಟ್ಟಿದರು.

"ಇಂಥವೇ ನಾಲ್ಕು ಬೇಕು. ನನ್ನದನ್ನೂ ಸರಿಮಾಡಿ ಕೊಡ್ತೀರಾ?"

"ಆಯ್ತು ಸಾ. ಮುಂದೆ ಆರು ಅವೆ, ಸಾಲಲ್ಲಿ ಮಡಗಿ."

ಆತ ತನ್ನ ಫಾರಿನ್ ಗಿಟಾರನ್ನು ವಾಪಸಾದವುಗಳ ಸಾಲಿನಲ್ಲಿ ಏಳನೆಯದಾಗಿ ಒರಗಿಸಿದ.