ರಂಗೂಬಾಯಿ ಕಾಯುತ್ತಿದ್ದ ದಿನ

"ಮಮ್ಮಿ, ರಂಗೂಅಜ್ಜಿ ಕಣ್ಣು ಮುಚ್ಚಿಕೊಂಡು ಯಾರಿಗೆ ಬೈತಾರ?" ಎಂದು ಪುಟ್ಟ ಶಾರೋನ್ ಕೇಳಿದಾಗ ಸುವಾರ್ತಾ ಮಗಳ ಜಡೆ ಹೆಣೆಯುತ್ತಿದ್ದಳು. ಉತ್ತರ ಅವಳಿಗೆ ಗೊತ್ತಿತ್ತು. ಪುಣೆಯ ಖಡಕಿಯ ಆ ಕನ್ನಡ ಕ್ರೈಸ್ತ ಸಭೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಆದರೂ ಬೈಯುವುದಲ್ಲ, ಪ್ರಾರ್ಥನೆ ಮಾಡುತ್ತಾರೆ ಎಂದು ಹೇಳಿ ರಿಬ್ಬನ್ ಕಟ್ಟಿದಳು.

ರಂಗೂಬಾಯಿ ಬೈಯುತ್ತಿದ್ದುದು ಭಾಮಾಬಾಯಿಯನ್ನು. ಇಬ್ಬರೂ ಬೆಟಗೇರಿಯಿಂದ ಮದುವೆಯಾಗಿ ಪುಣೆಗೆ ಬಂದವರು, ಒಂದೇ ಚಾಳಿನಲ್ಲಿ ಎದುರುಬದುರು ಸಂಸಾರ ಹೂಡಿದವರು. ರಂಗೂಬಾಯಿಯ ಮಗಳು ಗೋದಾ ಒಂದು ಶುಭಶುಕ್ರವಾರ, ಉಪವಾಸವಿದ್ದು ಬೇಸಿಗೆಯ ಸೆಕೆಯಲ್ಲಿ ಆರಾಧನೆಗೆ ನಿಂತಾಗ, ತಲೆ ತಿರುಗಿ ಬಿದ್ದಿದ್ದಳು. ಮುಂದೆ ಬೆಳಗಾವಿಯ ಗಂಡು ಗೊತ್ತಾಗಿ, ಬೀಗರಾಗಬೇಕಿದ್ದವರು ಪದ್ಧತಿಯಂತೆ ಎದುರುಮನೆಯಲ್ಲಿ ವಿಚಾರಿಸಿದರು. ಭಾಮಾಬಾಯಿ, ಹುಡುಗಿಗೆ ಫಿಟ್ಸ್ ಬರುತ್ತದೆ ಎಂದುಬಿಟ್ಟಳು. ಆ ಮಾತು ಬೆಳಗಾವಿಯಿಂದ ಧಾರವಾಡಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ ಹೋಯಿತು. ಗೋದಾ ಮದುವೆಯ ಆಸೆ ಬಿಟ್ಟು ಮಿರಜಿನಲ್ಲಿ ನರ್ಸ್ ಆದಳು.

ಅಂದಿನಿಂದ ಸ್ತ್ರೀಯರ ಪ್ರಾರ್ಥನಾಕೂಟದಲ್ಲಿ ರಂಗೂಬಾಯಿಯ ಸರದಿ ಬಂದರೆ ಹೆಂಗಸರು ಕಣ್ಣು ಮುಚ್ಚಿ, ಕಿವಿ ತೆರೆದು ಕೂಡುತ್ತಿದ್ದರು. "ಕರ್ತನೇ, ಈ ಚಾಪಿ ಮ್ಯಾಲೆ ಕೂತು ಒಬ್ಬಾಕಿ ನಿನ್ನ ಹೆಸರು ತಗೋತಾಳ. ಆಕಿ ನಾಲಿಗಿ ಎಂಥಾದಂತ ನಿನಗ ಗೊತ್ತದ. ನನಗೂ ಒಂದು ದಿನಾ ಕೊಡು." ಭಾಮಾಬಾಯಿ ಎಲ್ಲರಿಗಿಂತ ಜೋರಾಗಿ ಆಮೆನ್ ಅನ್ನುತ್ತಿದ್ದಳು. ಕರ್ತನ ಪ್ರಾರ್ಥನೆಯಲ್ಲಿ, ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎನ್ನುವ ಸಾಲು ಬಂದಾಗ ರಂಗೂಬಾಯಿ ಬಾಯಿ ಮುಚ್ಚುತ್ತಿದ್ದಳು. ದೇವರ ಮುಂದೆ ಸುಳ್ಳಾಡಬಾರದಲ್ಲ ಎಂಬುದು ಅವಳ ವಾದ. ಉಳಿದಂತೆ ಕಾಯಿಲೆಯವರ ಮನೆಗೆ ಗಂಜಿ ಒಯ್ಯುವುದರಲ್ಲಿ, ಸಂಡೇ ಸ್ಕೂಲಿನ ಮಕ್ಕಳಿಗೆ ಬೈಬಲಿನ ವಚನ ಬಾಯಿಪಾಠ ಮಾಡಿಸುವುದರಲ್ಲಿ ಅವಳ ಸರಿಸಮ ಯಾರೂ ಇರಲಿಲ್ಲ. ಸುವಾರ್ತಾಳೂ ಅವಳ ಶಿಷ್ಯೆಯೇ. ಖರಾಡಿಯ ಆಫೀಸಿಗೆ ಹೋಗುವಾಗ ಮಗಳನ್ನು ಅವಳ ಬಳಿಯೇ ಬಿಡುತ್ತಿದ್ದಳು.

ಕೊನೆಗೆ ಆ ದಿನ ಬಂತು. ಭಾಮಾಬಾಯಿಯ ಮೊಮ್ಮಗಳು ಶರ್ವರಿಗೆ ಕಾತ್ರಜದ ಗಂಡು ಗೊತ್ತಾಗುವುದರಲ್ಲಿತ್ತು. ಗಂಡಿನ ತಾಯಿ ವಿಚಾರಿಸಲು ಎದುರುಮನೆಗೆ, ಅಂದರೆ ರಂಗೂಬಾಯಿಯ ಮನೆಗೆ ಬಂದಳು. ಮಗಳನ್ನು ಕರೆದೊಯ್ಯಲು ಬಂದಿದ್ದ ಸುವಾರ್ತಾಳಿಗೆ ಚಹಾ ಇಡಲು ಹೇಳಿ, ರಂಗೂಬಾಯಿ ಅವಳ ಹಿಂದೆಯೇ ಅಡುಗೆಮನೆಗೆ ಬಂದಳು. ಕಣ್ಣುಗಳು ಹೊಳೆಯುತ್ತಿದ್ದವು.

ಅವಳು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಹೆಂಗಸರೆಲ್ಲ ಲೋಣಾವಳಾಕ್ಕೆ ಹೋದಾಗ, ಚಿಕ್ಕಿ ಅಂಗಡಿಯ ಮುಂದೆ ಶರ್ವರಿ ಯಾರೋ ಹುಡುಗನ ಜರ್ಕಿನ್ ಹೊದ್ದು, ಅವನ ತೋಳು ಹಿಡಿದು ನಿಂತಿದ್ದನ್ನು ಅವಳು ಕಂಡಿದ್ದಳು. ಅದನ್ನು ಸುವಾರ್ತಾಳ ಹೊರತು ಯಾರಿಗೂ ಹೇಳದೆ ಸೆರಗಿನಲ್ಲಿ ಗಂಟು ಹಾಕಿಟ್ಟುಕೊಂಡಿದ್ದಳು.

"ಬೇಡಿದ್ದನ್ನ ತಂದು ಬಾಗಲದಾಗ ನಿಂದರಿಸ್ಯಾನ ನೋಡು," ಎಂದು ಪಿಸುಗುಟ್ಟಿದಳು. "ಭಾಮಾನೂ ನನ್ನಂಗ ಗ್ವಾಡಿಗೆ ತಲಿ ಹಚ್ಚಿ ಅಳಬೇಕು. ನಾ ಇಲ್ಲಿ ಕೂತು ಕೇಳಬೇಕು."

"ಅಕ್ಕೋರ, ಶರ್ವರಿ ಏನು ಮಾಡ್ಯಾಳ್ರಿ ನಿಮಗ?"

"ನನಗ ಪಾಠಾ ಹೇಳಬ್ಯಾಡ. ನಿನಗ ಪಾಠಾ ಹೇಳಿದಾಕಿ ನಾನು."

ಚಹಾ ಕುಡಿಯುತ್ತ ಗಂಡಿನ ತಾಯಿ ಮನೆತನ, ನೌಕರಿ, ಅಡುಗೆ ಎಲ್ಲ ಕೇಳಿದಳು. ರಂಗೂಬಾಯಿ ಹ್ಞೂಂಗುಡುತ್ತ ತಕ್ಕ ಗಳಿಗೆಗೆ ಕಾಯುತ್ತಿದ್ದಳು. ಕಡೆಗೆ ಆ ಹೆಂಗಸು ದನಿ ತಗ್ಗಿಸಿ, ಹುಡುಗಿಗೆ ಫಿಟ್ಸ್‌ಗಿಟ್ಸ್ ಏನಾದರೂ ಇದೆಯೇ ಎಂದು ಕೇಳಿದಳು. ಗಂಡಿನ ಕಡೆಯವರೆಲ್ಲ ಕೇಳುವ ಮಾತೇ ಅದು.

ಬಸಿಯಲ್ಲಿದ್ದ ಚಹಾ ರಂಗೂಬಾಯಿಯ ಸೀರೆಯ ಮೇಲೆ ಚೆಲ್ಲಿತು. ಅವಳು ಒರೆಸಿಕೊಳ್ಳಲಿಲ್ಲ. ಎದುರುಮನೆಯ ಬಾಗಿಲನ್ನೇ ನೋಡುತ್ತ ಕೂತಳು. ಸುವಾರ್ತಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಹುಡುಗಿ ಬಂಗಾರ ಅದಾಳ್ರಿ," ಎಂದಳು ರಂಗೂಬಾಯಿ, ಹಲ್ಲು ಕಚ್ಚಿ. "ನನ್ನ ಕೈಯಾಗ ಬೆಳದಾಕಿ. ಅಜ್ಜಿ ಮಾತ್ರ ಭಾಳ ಕೆಟ್ಟಾಕಿ. ಆದ್ರ ನಿಮ್ಮ ಮಗಾ ಅಜ್ಜಿನ್ನೇನು ಮಾಡ್ಕೊಳ್ಳೂದಿಲ್ಲಲ್ಲ."

ನಗಬೇಕೋ ಬೇಡವೋ ತಿಳಿಯದೆ ಆ ಹೆಂಗಸು ಎದ್ದಳು. ಹೊರಡುವಾಗ, ನಾಳೆ ತನ್ನ ನಾದಿನಿಯೂ ಬಂದು ಒಂದು ಮಾತು ಕೇಳಿಕೊಂಡು ಹೋಗುತ್ತಾಳೆ ಎಂದು ಹೇಳಿಹೋದಳು.

ಬಾಗಿಲು ಮುಚ್ಚಿದ್ದೇ ತಡ, ರಂಗೂಬಾಯಿ ಬಸಿಯನ್ನು ಮೋರಿಗೆ ಒಗೆದಳು. ಸುವಾರ್ತಾ ಹತ್ತಿರ ಬಂದು ಕೈ ಹಿಡಿಯಹೋದರೆ ಕೊಸರಿಕೊಂಡಳು.

"ಕ್ಷಮಾ ಮಾಡೇನಿ ಅಂತ ತಿಳೀಬ್ಯಾಡ. ಮಾಡಿಲ್ಲ. ಭಾಮಾನ್ನ ಹೊಡೀಬೇಕಂತ ಕೈ ಎತ್ತಿದ್ರ ನಡುವ ಆ ಹುಡುಗಿ ನಿಂತಿದ್ಲು, ನಮ್ಮ ಗೋದಾ ನಿಂತಂಗ." ಗೋಡೆಗೊರಗಿ ನೆಲದ ಮೇಲೆ ಕೂತಳು. ಎದುರುಮನೆಯಿಂದ ಭಾಮಾಬಾಯಿಯ ನಗು ಕೇಳಿಸಿತು. ರಂಗೂಬಾಯಿಯ ದವಡೆ ಬಿಗಿಯಿತು.

"ಸುವಾರ್ತಾ, ನಾಳೆ ನೀ ಆಫೀಸಿಗೆ ರಜಾ ಹಾಕವಾ. ಆ ನಾದಿನಿ ಬಂದ್ರ ನೀನ ಬಾಗಲಾ ತಗಿ, ನೀನ ಮಾತಾಡು. ನಾ ಒಳಗ ಕುಂಡ್ರತೀನಿ. ಇವತ್ತೇನೋ ಬಾಯಿ ಹಿಡದೆ. ನಾಳೆ ಹಿಡೀತೀನಂತ ಹೇಳಲಾರೆ."