ತಿಂಗಳಿಗೊಂದು ಭಾನುವಾರ

ಬಳ್ಳಾರಿಯ ಕೌಲ್ ಬಜಾರಿನ ದರ್ಜಿ ಕೊಟ್ರಬಸಪ್ಪನ ಹೆಂಡತಿ ಚನ್ನವೀರಮ್ಮ ೧೯೭೬ರಲ್ಲಿ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಸಿರುಗುಪ್ಪದ ತವರಿಗೆ ಹೋದವಳು ವಿಚ್ಛೇದನಕ್ಕೆ ಅರ್ಜಿ ಹಾಕಿದಳು. "ಜೀಪ್ ಒಯ್ದು ಕೂಸನ್ನ ಎತ್ಕೊಂಡು ಬರಾಣ," ಅಂದರು ಅವನ ಅಣ್ಣಂದಿರು. ಕೊಟ್ರಬಸಪ್ಪ ಮೊದಲು ವಕೀಲರ ಹತ್ತಿರ ಹೋದ.

ವಕೀಲರು ಮುಚ್ಚುಮರೆ ಮಾಡಲಿಲ್ಲ. "ಐದು ವರ್ಷದೊಳಗಿನ ಕೂಸು ಸಾಮಾನ್ಯವಾಗಿ ತಾಯಿ ಹತ್ರನ ಇರ್ತೈತಿ. ಕಸ್ಕೊಂಡು ಬಂದ್ರ ನ್ಯಾಯಾಧೀಶರ ಮುಂದ ನೀನ ತಪ್ಪಿತಸ್ಥ ಆಗ್ತಿ. ಮಗಳನ್ನ ನೋಡಾಕ ದಿನ ಗೊತ್ತುಮಾಡ್ರಿ ಅಂತ ಕೇಳು. ಅಕಿ ಮುಂದ ತಾಯಿನ್ನ ಬೈಬ್ಯಾಡ."

ಅವನು ಹಾಗೇ ಮಾಡಿದ. ಕೇಸು ಮುಗಿಯಲು ಎರಡು ವರ್ಷ ಹಿಡಿಯಿತು. ತಿಂಗಳಿಗೊಂದು ಭಾನುವಾರ ಸಿಕ್ಕಿತು.

ಮೊದಲ ಸಲ ಹೋದಾಗ ಮಗಳು ಬಾಗಿಲ ಮರೆಗೆ ನಿಂತು, "ಯಾರವ್ವ ಇವ್ರು?" ಎಂದಳು. ನೆನಪಿನ ಅಳತೆಗೆ ಹೊಲಿದು ಒಯ್ದಿದ್ದ ಲಂಗ ಅವಳ ಮೊಣಕಾಲನ್ನೂ ಮುಟ್ಟಲಿಲ್ಲ.

"ನಿಮ್ಮಪ್ಪ," ಎಂದಷ್ಟೇ ಹೇಳಿ ಚನ್ನವೀರಮ್ಮ ಒಳಗೆ ಹೋದಳು.

ಅವನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಮಗಳು ನಿಧಾನವಾಗಿ ಮಾತಿಗೆ ಬಂದಳು. ಮೂರು ವರ್ಷದ ಬಳಿಕ ಒಮ್ಮೆ ಅವಳೇ ಕೇಳಿದಳು:

"ಅಪ್ಪ, ನಿನ್ನ ಮನ್ಯಾಗ ಅಡಗಿ ಯಾರು ಮಾಡ್ತಾರ?"

"ನಾನ ಮಾಡ್ಕೊಂತೀನವ್ವ."

"ಒಬ್ನ ಕುಂತು ಉಣ್ತಿ?"

ಅವನು ಹೂಂ ಅಂದ. ಆ ಸಂಜೆ ಬಳ್ಳಾರಿಗೆ ಮರಳಿದವನು ಒಲೆ ಹಚ್ಚಲಿಲ್ಲ.